ಬೇರೆ ಬೇರೆ ಮನುಷ್ಯರನ್ನು ಮಾಡಲು ಹೊರಟಾಗ

ನಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗೆ ಬರೆದ ಪ್ರಸ್ತಾವನೆಯ ಮೊದಲ ಕರಡಿನಲ್ಲಿ ‘ಒಂದು ಗುಂಡಿ ಒತ್ತಿದರೆ ಹತ್ತು ಸಾವಿರ ಡಿಜಿಟಲ್ ಮನುಷ್ಯರನ್ನು ಸೃಷ್ಟಿಸುವ ತಂತ್ರಾಂಶ’ ಎಂಬ ವಾಕ್ಯವಿತ್ತು. ಬರೆದವನು ನಾನೇ. ಬರೆದ ದಿನ ಅದರ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯೂ ಇತ್ತು. ಮಾರ್ಗದರ್ಶಕರು ಅದನ್ನು ಎರಡು ಸಲ ಓದಿ, ಪೆನ್ಸಿಲಿನಿಂದ ಅಡಿಗೆರೆ ಎಳೆದು, “ಹತ್ತು ಸಾವಿರ ಇರಲಿ, ಅವರಲ್ಲಿ ಬೇರೆ ಬೇರೆಯವರು ಎಷ್ಟು ಮಂದಿ?” ಎಂದು ಕೇಳಿದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹದಿನಾರು ವಾರಗಳ ಪ್ರಾಜೆಕ್ಟಿನ ಮೊದಲ ಐದು ವಾರಗಳು ಆ ಒಂದು ಪ್ರಶ್ನೆಯ ಹಿಂದೆಯೇ ಕಳೆದವು. ಆ ಐದು ವಾರಗಳಲ್ಲಿ ಓದಿದ್ದನ್ನೂ ಮಾಡಿ ಕೆಡಿಸಿದ್ದನ್ನೂ ಈಗ ಉಳಿದಿರುವ ಯೋಜನೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಓದುವ ತಾಳ್ಮೆ ಬರುವ ಮೊದಲು ನಾವು ಮಾಡಿದ ಪ್ರಯೋಗ ಬಹಳ ಸರಳವಾಗಿತ್ತು. ಉಚಿತವಾಗಿ ಸಿಗುವ ಒಂದು ಮಾನವಾಕೃತಿಯ ಮೆಶ್, ಅಂದರೆ ಬಿಂದುಗಳನ್ನು ಜೋಡಿಸಿ ಕಟ್ಟಿದ ಮೂರು ಆಯಾಮದ ಜಾಲವನ್ನು ತೆಗೆದುಕೊಂಡೆವು. ಅದಕ್ಕೆ ಮೂಗಿನ ಅಗಲ, ದವಡೆಯ ಉದ್ದ, ಕಣ್ಣುಗಳ ನಡುವಿನ ಅಂತರ ಎಂದು ಎಳೆದು ಬದಲಿಸಬಹುದಾದ ನೂರಕ್ಕೂ ಹೆಚ್ಚು ಸ್ಲೈಡರ್‌ಗಳಿದ್ದವು. ಒಂದು ಪುಟ್ಟ ಸ್ಕ್ರಿಪ್ಟ್ ಬರೆದು ಪ್ರತಿಯೊಂದು ಸ್ಲೈಡರಿಗೂ ಮನಬಂದ ಒಂದು ಸಂಖ್ಯೆಯನ್ನು ಕೊಟ್ಟು, ಅರವತ್ತು ತಲೆಗಳನ್ನು ರೆಂಡರ್ ಮಾಡಿ (ಚಿತ್ರವಾಗಿಸಿ) ಸಾಲಾಗಿ ಜೋಡಿಸಿದೆವು. ಹತ್ತಿರದಿಂದ ನೋಡಿದರೆ ಎರಡು ಮುಖಗಳು ಒಂದೇ ಆಗಿರಲಿಲ್ಲ, ನಿಜ. ಆದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅರವತ್ತೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಹಾಗೆ ಕಾಣದಿದ್ದ ಐದಾರು ಮುಖಗಳು ಮನುಷ್ಯರದಾಗಿಯೇ ಕಾಣುತ್ತಿರಲಿಲ್ಲ: ಅಗಲವಾದ ದವಡೆಗೆ ಕಿರಿದಾದ ಕೆನ್ನೆ, ಎಳೆಯ ಹಣೆಯ ಕೆಳಗೆ ಮುದಿ ಬಾಯಿ. ಹೀಗೆ ನಮ್ಮ ಮುಂದೆ ಸೋದರರೂ ವಿಕಾರಿಗಳೂ ಇದ್ದರು. ಅವರ ನಡುವೆ ಇರಬೇಕಾಗಿದ್ದ, ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯಬಹುದಾದ ಸಾಮಾನ್ಯ ಮನುಷ್ಯ ಮಾತ್ರ ಇರಲಿಲ್ಲ.

ವಿಕಾರಿಗಳ ಕಾರಣ ಬೇಗನೆ ತಿಳಿಯಿತು. ಮನುಷ್ಯನ ದೇಹದಲ್ಲಿ ಯಾವ ಅಳತೆಯೂ ಒಂಟಿಯಾಗಿ ಬದಲಾಗುವುದಿಲ್ಲ. ಎತ್ತರವಿರುವವರ ಕೈ ಸಾಮಾನ್ಯವಾಗಿ ಉದ್ದವಿರುತ್ತದೆ, ತೂಕ ಹೆಚ್ಚಿದರೆ ಕೆನ್ನೆ, ಕುತ್ತಿಗೆ, ಗಲ್ಲದ ಕೆಳಭಾಗಗಳೆಲ್ಲ ಒಟ್ಟಿಗೆ ತುಂಬಿಕೊಳ್ಳುತ್ತವೆ. ಒಂದೊಂದು ಸ್ಲೈಡರನ್ನೂ ಉಳಿದವುಗಳ ಹಂಗಿಲ್ಲದೆ ಎಳೆದಾಡಿದರೆ ಈ ನಂಟುಗಳೆಲ್ಲ ಹರಿದುಹೋಗುತ್ತವೆ. ಈ ನಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿಯನ್ನು ಸಂಶೋಧಕರಾದ ಫೋಲ್ಕರ್ ಬ್ಲಾಂಟ್ಸ್ ಮತ್ತು ಥಾಮಸ್ ಫೆಟ್ಟರ್ 1999ರಲ್ಲೇ ತೋರಿಸಿಕೊಟ್ಟಿದ್ದರು. ಅವರು ನೂರು ಗಂಡಸರ ಮತ್ತು ನೂರು ಹೆಂಗಸರ ತಲೆಗಳನ್ನು ಲೇಸರ್ ಸ್ಕ್ಯಾನ್ ಮಾಡಿ, ಒಬ್ಬರ ಮೂಗಿನ ತುದಿ ಇನ್ನೊಬ್ಬರ ಮೂಗಿನ ತುದಿಗೆ, ಒಬ್ಬರ ತುಟಿಯ ಅಂಚು ಇನ್ನೊಬ್ಬರ ತುಟಿಯ ಅಂಚಿಗೆ ಸರಿಹೊಂದುವಂತೆ ಬಿಂದುಬಿಂದುವನ್ನೂ ಹೊಂದಿಸಿ, ಇನ್ನೂರು ಮುಖಗಳ ಸರಾಸರಿಯನ್ನೂ ಆ ಸರಾಸರಿಯಿಂದ ಮುಖಗಳು ಯಾವ ಯಾವ ದಿಕ್ಕಿನಲ್ಲಿ ಎಷ್ಟೆಷ್ಟು ಸರಿಯುತ್ತವೆ ಎಂಬುದನ್ನೂ ಲೆಕ್ಕ ಹಾಕಿದರು. ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ ಎಂದು ಅಂಕಿಅಂಶ ಶಾಸ್ತ್ರದ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ್ದ ವಿಧಾನವೇ ಅದು. ಪರೀಕ್ಷೆಗೆ ಬರೆದು ಮರೆತಿದ್ದ ಆ ಪಾಠ ಒಂದು ಮುಖವಾಗಿ ತಿರುಗಿ ನೋಡಿದ್ದು ಆ ವಾರವೇ. ಈ ಮಾದರಿಯಲ್ಲಿ ಒಂದು ಸಂಖ್ಯೆಯನ್ನು ಬದಲಿಸಿದರೆ ಮೂಗೊಂದೇ ಬದಲಾಗುವುದಿಲ್ಲ. ಮೂಗಿನೊಂದಿಗೆ ಸಾಮಾನ್ಯವಾಗಿ ಬದಲಾಗುವುದೆಲ್ಲವೂ ಅದರ ಜೊತೆಗೇ ಬದಲಾಗುತ್ತದೆ.

ದೇಹಕ್ಕೂ ಇಂಥದ್ದೇ ಮಾದರಿಗಳಿವೆ. 2015ರಲ್ಲಿ ಪ್ರಕಟವಾದ ಎಸ್‌ಎಂಪಿಎಲ್ ಎಂಬ ಮಾದರಿಯಲ್ಲಿ ಇಡೀ ದೇಹವು 6,890 ಬಿಂದುಗಳ ಒಂದು ಜಾಲ. ಆಕಾರವನ್ನು ನಿರ್ಧರಿಸಲು ಸಾಮಾನ್ಯವಾಗಿ ಬಳಸುವುದು ಹತ್ತೇ ಸಂಖ್ಯೆಗಳನ್ನು. ಹತ್ತು ಸಂಖ್ಯೆಗಳಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬ ಅನುಮಾನ ನನಗೆ ಬಂದಾಗ, ತಂಡದ ಗೆಳತಿ ಒಂದು ಹಳೆಯ ಅಧ್ಯಯನವನ್ನು ಮುಂದಿಟ್ಟಳು. ಅಮೆರಿಕದ ವಾಯುಪಡೆಯು 1950ರಲ್ಲಿ 4,063 ಪೈಲಟ್‌ಗಳ ಮೈಅಳತೆ ತೆಗೆದಿತ್ತು. ಗಿಲ್ಬರ್ಟ್ ಡೇನಿಯಲ್ಸ್ ಎಂಬುವರು ಆ ಅಳತೆಗಳಲ್ಲಿ ಹತ್ತನ್ನು ಆರಿಸಿ, ಪ್ರತಿ ಅಳತೆಯಲ್ಲೂ ನಡುವಿನ ಶೇಕಡಾ 30ರಷ್ಟು ಜನರನ್ನು ‘ಸರಾಸರಿ’ ಎಂದು ಕರೆದು, ಹತ್ತರಲ್ಲಿಯೂ ಸರಾಸರಿಯಾಗಿರುವವರು ಎಷ್ಟು ಮಂದಿ ಎಂದು ಎಣಿಸಿದರು. ಒಬ್ಬರೂ ಇರಲಿಲ್ಲ. ಎಲ್ಲರ ಅಳತೆಯಿಂದ ಹುಟ್ಟಿದ ಸರಾಸರಿ ಮನುಷ್ಯ ಆ ಎಲ್ಲರ ನಡುವೆ ಎಲ್ಲೂ ಇರಲಿಲ್ಲ. ಈ ಲೆಕ್ಕವನ್ನು ನಮ್ಮ ಹತ್ತು ಸಂಖ್ಯೆಗಳಿಗೂ ಹಾಕಿ ನೋಡಿದೆ. ಒಂದು ಸಂಖ್ಯೆ ನಡುವಿನಿಂದ ಒಂದು ಮಾನಕ ವಿಚಲನೆಯೊಳಗೆ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ಹೇಳುವ ಮಾಪ ಅದು) ಬೀಳುವ ಸಂಭವ ಶೇಕಡಾ 68ರಷ್ಟು. ಹತ್ತೂ ಹಾಗೆಯೇ ಬೀಳುವ ಸಂಭವ ಶೇಕಡಾ 2ರ ಆಸುಪಾಸು. ಅಂದರೆ ಯಾದೃಚ್ಛಿಕವಾಗಿ ಆರಿಸಿದ ನೂರು ದೇಹಗಳಲ್ಲಿ ತೊಂಬತ್ತೆಂಟು ಯಾವುದಾದರೂ ಒಂದು ರೀತಿಯಲ್ಲಿ ಸರಾಸರಿಯಿಂದ ದೂರವಿರುತ್ತವೆ.

ಹಾಗಿದ್ದರೆ ನಮ್ಮ ಅರವತ್ತು ತಲೆಗಳು ಸೋದರರಂತೆ ಕಂಡದ್ದೇಕೆ? ಇಲ್ಲಿ ನಾನು ಕೆಲವು ದಿನ ಸಿಕ್ಕಿಹಾಕಿಕೊಂಡೆ. ಉತ್ತರದ ಒಂದು ಭಾಗ ರೇಖಾಗಣಿತದಲ್ಲಿತ್ತು. ಹತ್ತರ ಬದಲು ನೂರು ಸಂಖ್ಯೆಗಳಿದ್ದು, ಪ್ರತಿಯೊಂದನ್ನೂ ಗಾಸಿಯನ್ ಹಂಚಿಕೆಯಿಂದ (ನಡುವಿನ ಬೆಲೆಗಳು ಹೆಚ್ಚು, ಅಂಚಿನವು ಕಡಿಮೆ ಬರುವಂತೆ) ಆರಿಸಿದರೆ, ಹುಟ್ಟುವ ಪ್ರತಿಯೊಂದು ಮುಖವೂ ಸರಾಸರಿಯಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ, ಸುಮಾರು ಹತ್ತು ಮಾನಕ ವಿಚಲನೆಗಳಷ್ಟು ದೂರದಲ್ಲಿ ಬಂದು ಕೂರುತ್ತದೆ. ಯಾರೂ ನಡುವಿನಲ್ಲಿಲ್ಲ, ಯಾರೂ ಬಹಳ ಆಚೆಗೂ ಇಲ್ಲ. ಎಲ್ಲರೂ ಒಂದೇ ಅಳತೆಯಷ್ಟು ಬೇರೆ. ಜೊತೆಗೆ ಆ ಬೇರೆತನವು ನೂರು ಕಡೆ ಚೂರುಚೂರಾಗಿ ಹಂಚಿಹೋಗಿರುವುದರಿಂದ, ‘ಆ ಮೂಗಿನವನು’, ‘ಆ ಹುಬ್ಬಿನವಳು’ ಎಂದು ನೆನಪಿಡಲು ಕಣ್ಣಿಗೆ ಯಾವ ಆಸರೆಯೂ ಸಿಗುವುದಿಲ್ಲ. ಉತ್ತರದ ಇನ್ನೊಂದು ಭಾಗ ಇದಕ್ಕಿಂತ ಸರಳವಾಗಿತ್ತು, ಇದಕ್ಕಿಂತ ಮುಖ್ಯವೂ ಆಗಿತ್ತು. ಅರವತ್ತು ತಲೆಗಳೂ ಒಂದೇ ಮೂಲ ಮುಖದಿಂದ ಹೊರಟಿದ್ದವು. ಎಲ್ಲ ಸ್ಲೈಡರ್‌ಗಳನ್ನೂ ಸೊನ್ನೆಗೆ ತಂದಾಗ ಒಂದು ಮುಖ ಉಳಿಯುತ್ತದೆಯಲ್ಲ, ಅದು ಯಾರದು ಎಂದು ನಾವು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಕೇಳತೊಡಗಿದ ಮೇಲೆ ಓದಿನ ದಿಕ್ಕೇ ಬದಲಾಯಿತು. ಪ್ರತಿ ಪ್ರಬಂಧದಲ್ಲೂ ಸಮೀಕರಣಗಳಿಗಿಂತ ಮೊದಲು ಸ್ಕ್ಯಾನಿಗೆ ಕುಳಿತವರು ಯಾರು ಎಂಬ ಪ್ಯಾರಾವನ್ನು ಹುಡುಕತೊಡಗಿದೆವು. ಬಹುತೇಕ ಕಡೆ ಅದು ಎರಡು ಸಾಲಿನಲ್ಲಿ ಮುಗಿದಿರುತ್ತದೆ. ಬ್ಲಾಂಟ್ಸ್ ಮತ್ತು ಫೆಟ್ಟರ್ 2003ರಲ್ಲಿ ಬರೆದ ಪ್ರಬಂಧದಲ್ಲಿ ಅದು ನೇರವಾಗಿಯೇ ಇದೆ: ಇನ್ನೂರು ಜನರಲ್ಲಿ ಒಬ್ಬರು ಏಷ್ಯಾದವರು, ಉಳಿದವರೆಲ್ಲ ಬಿಳಿಯರು. 2009ರ ಬಾಸೆಲ್ ಫೇಸ್ ಮಾಡೆಲ್‌ನಲ್ಲಿಯೂ ಇನ್ನೂರು ಜನರಿದ್ದು, ಹೆಚ್ಚಿನವರು ಯುರೋಪಿನವರು, ಅವರ ಸರಾಸರಿ ವಯಸ್ಸು ಸುಮಾರು 25. ಅವರು ಇದನ್ನು ಬಚ್ಚಿಟ್ಟಿಲ್ಲ. ಸಿಕ್ಕ ಜನರನ್ನು ಸ್ಕ್ಯಾನ್ ಮಾಡಿದರು, ಯಾರು ಸಿಕ್ಕರೆಂದು ಬರೆದರು. ತೊಂದರೆ ಇರುವುದು ಆ ಸಾಲನ್ನು ಓದದೆ ಮಾದರಿಯನ್ನು ಎತ್ತಿಕೊಳ್ಳುವ ನಮ್ಮಂಥವರಲ್ಲಿ. ಮಾದರಿಯು ತಾನು ಕಂಡ ಮುಖಗಳ ನಡುವೆ ಎಷ್ಟು ಬೇಕಾದರೂ ಅಲೆದಾಡಬಲ್ಲದು, ಕಾಣದ ಮುಖದ ಕಡೆಗೆ ಮಾತ್ರ ಅದಕ್ಕೆ ದಾರಿಯೇ ಗೊತ್ತಿರುವುದಿಲ್ಲ. ಸರಾಸರಿ ವಯಸ್ಸು 25 ಇರುವ ಮಾದರಿಯಿಂದ ಎಪ್ಪತ್ತರ ಅಜ್ಜಿಯನ್ನು ಕೇಳಿದರೆ, ಅದು ದಣಿದಿರುವ ಯುವತಿಯೊಬ್ಬಳನ್ನು ಕೊಡುತ್ತದೆ. 2016ರಲ್ಲಿ 9,663 ಜನರ ಸ್ಕ್ಯಾನ್‌ಗಳಿಂದ ಕಟ್ಟಿದ ಇನ್ನೊಂದು ಮಾದರಿ ಬಂದಾಗ, ಅದನ್ನು ಕಟ್ಟಿದವರು ವಯಸ್ಸು ಮತ್ತು ಜನಸಮುದಾಯಗಳಿಗೆ ತಕ್ಕಂತೆ ಬೇರೆ ಬೇರೆ ಉಪಮಾದರಿಗಳನ್ನೂ ಮಾಡಿದ್ದು ಇದೇ ಕೊರತೆಯನ್ನು ನೀಗಿಸುವುದಕ್ಕಾಗಿ.

ಮಾನವಾಕೃತಿಗಳನ್ನು ಮಾಡುವ ಮುಕ್ತ ತಂತ್ರಾಂಶವಾದ ಮೇಕ್‌ಹ್ಯೂಮನ್ ಈ ತೊಡಕನ್ನು ಇನ್ನೊಂದು ಬಗೆಯಲ್ಲಿ ಬಿಡಿಸುತ್ತದೆ. ಅದರಲ್ಲಿ ಆಫ್ರಿಕನ್, ಏಷ್ಯನ್, ಕಕೇಶಿಯನ್ ಎಂಬ ಮೂರು ಸ್ಲೈಡರ್‌ಗಳಿವೆ. ಒಂದನ್ನು ಏರಿಸಿದರೆ ಉಳಿದೆರಡು ಇಳಿದು, ಮೂರರ ಮೊತ್ತ ಯಾವಾಗಲೂ ಒಂದೇ ಆಗಿರುತ್ತದೆ. ಬಳಸಲು ಇದು ಅನುಕೂಲವೇ. ಆದರೆ ಭೂಮಿಯ ಮೇಲಿನ ಎಲ್ಲ ಮುಖಗಳನ್ನೂ ಒಂದು ತ್ರಿಕೋನದೊಳಗೆ ಕೂರಿಸುವಾಗ, ಆ ತ್ರಿಕೋನದ ಮೂಲೆಗಳನ್ನು ನಿಲ್ಲಿಸಿದವರ ಕಲ್ಪನೆಯೇ ಎಲ್ಲರ ಮುಖಕ್ಕೂ ಗಡಿಯಾಗುತ್ತದೆ. ನಮ್ಮ ತಂಡದಲ್ಲಿ ಈ ವಿಷಯಕ್ಕೆ ನಡೆದ ವಾದ ಒಂದು ಇಡೀ ಸಂಜೆಯನ್ನು ತಿಂದಿತು. ಜನಾಂಗದ ಹೆಸರಿರುವ ಸ್ಲೈಡರ್‌ಗಳೇ ಬೇಡ, ಮೂಗು, ಕೆನ್ನೆಮೂಳೆ, ಕಣ್ರೆಪ್ಪೆಯ ಮಡಿಕೆಗಳಂಥ ಅಳತೆಗಳು ಮಾತ್ರ ಇರಲಿ ಎಂಬುದು ನನ್ನ ಪಟ್ಟು. ಹಾಗೆ ಮಾಡಿದರೆ ಅಳತೆಗಳ ನಡುವಿನ ನಂಟು ಮತ್ತೆ ಹರಿದು, ಮೊದಲ ವಾರದ ವಿಕಾರಿಗಳೇ ಹಿಂದಿರುಗುತ್ತಾರೆ ಎಂಬುದು ಗೆಳತಿಯ ಆಕ್ಷೇಪ. ಅವಳ ಮಾತು ಸರಿಯಾಗಿತ್ತು, ನನ್ನದು ತಪ್ಪಾಗಿರಲಿಲ್ಲ. ಕೊನೆಗೆ ಹೆಸರುಗಳನ್ನು ಬಳಕೆದಾರರಿಗೆ ತೋರಿಸದೆ, ನಂಟುಗಳನ್ನು ಮಾತ್ರ ಒಳಗಿನ ಲೆಕ್ಕದಲ್ಲಿ ಇಟ್ಟುಕೊಂಡು, ಹೊರಗೆ ಅಳತೆಗಳನ್ನಷ್ಟೇ ಕೊಡುವುದೆಂದು ಒಪ್ಪಿದೆವು. ಇದು ರಾಜಿಯೆಂದು ಗೊತ್ತಿದ್ದೇ ಒಪ್ಪಿದ್ದು.

ಚರ್ಮದ ಬಣ್ಣದಲ್ಲಿ ನಾವು ಮಾಡಿದ ತಪ್ಪು ಇದಕ್ಕಿಂತ ನಾಚಿಕೆಗೇಡಿನದು. ತಿಳಿಬಣ್ಣದ ಒಂದು ಟೆಕ್ಸ್ಚರ್ (ಮೆಶ್ ಮೇಲೆ ಹೊದಿಸುವ ಚರ್ಮದ ಚಿತ್ರ) ಇಟ್ಟುಕೊಂಡು, ಕಪ್ಪು ಮೈಬಣ್ಣ ಬೇಕಾದಾಗ ಅದನ್ನು ಕಂದು ಬಣ್ಣದಿಂದ ಗುಣಿಸಿದೆವು. ಪರದೆಯ ಮೇಲೆ ಮೂಡಿದ್ದು ಬಣ್ಣ ಬಳಿದ ಗೊಂಬೆ: ಅಂಗೈ, ಅಂಗಾಲು, ತುಟಿಗಳೆಲ್ಲ ಹಣೆಯಷ್ಟೇ ಕಂದು. ಚರ್ಮವು ಹೊರಗಿನಿಂದ ಬಳಿದ ಬಣ್ಣವಲ್ಲ. ಬೆಳಕು ಒಳಗೆ ಇಳಿದು, ಅಲ್ಲಿ ಚದುರಿ, ಮೆಲನಿನ್ ಮತ್ತು ಹಿಮೊಗ್ಲೋಬಿನ್‌ಗಳಿಗೆ ತನ್ನ ಒಂದು ಪಾಲನ್ನು ಕೊಟ್ಟು, ಬಿದ್ದ ಜಾಗಕ್ಕಿಂತ ತುಸು ಆಚೆ ಹೊರಬರುತ್ತದೆ. ಈ ಚದುರುವಿಕೆಯನ್ನು ಗ್ರಾಫಿಕ್ಸ್‌ನಲ್ಲಿ ಕೈಗೆಟುಕುವ ಖರ್ಚಿನಲ್ಲಿ ಲೆಕ್ಕ ಹಾಕುವ ವಿಧಾನ 2001ರಲ್ಲಿ ಬಂದ ಮೇಲೆಯೇ ಡಿಜಿಟಲ್ ಚರ್ಮದ ಪ್ಲಾಸ್ಟಿಕ್ಕಿನಂಥ ಗಡಸುತನ ಕಡಿಮೆಯಾಗತೊಡಗಿದ್ದು. ಅದರ ಮೇಲೆ ಹೊಳಪಿನ ಪ್ರಶ್ನೆಯೂ ಇದೆ. ಚರ್ಮದ ಮೇಲ್ಮೈಯಿಂದ ನೇರವಾಗಿ ಪ್ರತಿಫಲಿಸುವ ಬೆಳಕು ಎಲ್ಲ ಮೈಬಣ್ಣಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಪ್ಪು ಚರ್ಮದಲ್ಲಿ ಒಳಗಿನಿಂದ ಹಿಂದಿರುಗುವ ಬೆಳಕು ಕಡಿಮೆಯಾದ್ದರಿಂದ ಹೊಳಪು ಎದ್ದು ಕಾಣುತ್ತದೆ, ಮುಖದ ಉಬ್ಬುತಗ್ಗುಗಳನ್ನು ತೋರಿಸಿಕೊಡುವುದೂ ಬಹುಪಾಲು ಆ ಹೊಳಪೇ. ತಿಳಿಬಣ್ಣಕ್ಕೆಂದು ಹೊಂದಿಸಿದ ದೀಪಗಳ ಕೆಳಗೆ ಕಪ್ಪು ಮುಖವನ್ನು ಇಟ್ಟು ‘ಇದು ಚೆನ್ನಾಗಿ ಬರುತ್ತಿಲ್ಲ’ ಎಂದು ನಾನು ಟಿಪ್ಪಣಿ ಬರೆದಿದ್ದೆ. ಕೆಟ್ಟದ್ದು ದೀಪದ ವ್ಯವಸ್ಥೆ, ಮುಖವಲ್ಲ. ಆ ಟಿಪ್ಪಣಿಯನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡಿದ್ದೇನೆ.

ಬಣ್ಣವನ್ನು ಅಳೆಯುವ ಪಟ್ಟಿಯ ಆಯ್ಕೆಯೂ ಸುಲಭದ್ದಾಗಿರಲಿಲ್ಲ. ಎಲ್ಲರೂ ಬಳಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ 1975ರಲ್ಲಿ ಹುಟ್ಟಿದ್ದು ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂದು ತಿಳಿದು, ಅತಿನೇರಳೆ ಕಿರಣಗಳ ಚಿಕಿತ್ಸೆಯ ಪ್ರಮಾಣವನ್ನು ನಿರ್ಧರಿಸಲು. ಜಗತ್ತಿನ ಮೈಬಣ್ಣಗಳನ್ನು ಎಣಿಸಲು ಅಲ್ಲ. ಅದರ ಈಗಿನ ಆರು ವರ್ಗಗಳಲ್ಲಿ ಕಪ್ಪು ಬಣ್ಣಗಳಿಗೆ ಸಿಕ್ಕ ಜಾಗ ಕಿರಿದು. ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ರೂಪಿಸಿ ಗೂಗಲ್ 2022ರಲ್ಲಿ ಹೊರತಂದ ಹತ್ತು ಛಾಯೆಗಳ ಪಟ್ಟಿಯನ್ನು ನಾವು ಆರಿಸಿಕೊಂಡೆವು. ಬಣ್ಣದ ಹಂಚಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2018ರ ‘ಜೆಂಡರ್ ಶೇಡ್ಸ್’ ಅಧ್ಯಯನ ಸಾಕು: ಮುಖ ನೋಡಿ ಲಿಂಗ ಹೇಳುವ ವಾಣಿಜ್ಯ ವ್ಯವಸ್ಥೆಗಳು ತಿಳಿಬಣ್ಣದ ಗಂಡಸರಲ್ಲಿ ಹೆಚ್ಚೆಂದರೆ ಶೇಕಡಾ 0.8ರಷ್ಟು ತಪ್ಪಿದರೆ, ಕಪ್ಪು ಬಣ್ಣದ ಹೆಂಗಸರಲ್ಲಿ ಶೇಕಡಾ 34.7ರವರೆಗೆ ತಪ್ಪಿದವು. ನಮ್ಮ ಪಾತ್ರಗಳನ್ನು ನಾಳೆ ಯಾರಾದರೂ ಇಂಥ ವ್ಯವಸ್ಥೆಗೆ ತರಬೇತಿ ಕೊಡಲು ಬಳಸಬಹುದು ಎಂಬ ಎಚ್ಚರ ಆಮೇಲೆ ನಮ್ಮನ್ನು ಬಿಟ್ಟುಹೋಗಲಿಲ್ಲ.

ಕೂದಲನ್ನು ಯೋಜನೆಯಿಂದ ಬಹುಮಟ್ಟಿಗೆ ಕೈಬಿಟ್ಟಿದ್ದೇವೆ. ಎಳೆಎಳೆಯಾಗಿ ಕೂದಲನ್ನು ಕಟ್ಟುವುದೇ ಬೇರೆ ಪ್ರಾಜೆಕ್ಟು, ಅದರಲ್ಲೂ ಬಿಗಿಯಾಗಿ ಸುರುಳಿ ಸುತ್ತುವ ಕೂದಲಿಗೆ ಸಿದ್ಧ ಸಾಮಗ್ರಿ ಬಹಳ ಕಡಿಮೆ. ನೇರ ಕೂದಲಿನವರಿಗೆ ಇಪ್ಪತ್ತು ಬಗೆ, ಸುರುಳಿ ಕೂದಲಿನವರಿಗೆ ಎರಡು ಬಗೆ ಎಂದು ಕೊಡುವುದಕ್ಕಿಂತ ಎಲ್ಲರ ತಲೆಯನ್ನೂ ಬೋಳಾಗಿಯೇ ಇಡುವುದು ಲೇಸೆನಿಸಿತು.

ಇಷ್ಟಾದ ಮೇಲೂ ಮಾರ್ಗದರ್ಶಕರ ಪ್ರಶ್ನೆ ಹಾಗೆಯೇ ಉಳಿದಿತ್ತು: ಬೇರೆ ಬೇರೆ ಎಂದು ತೀರ್ಮಾನಿಸುವುದು ಹೇಗೆ? ಜನಜಂಗುಳಿಯಲ್ಲಿ ಒಂದೇ ಪಾತ್ರದ ನಕಲುಗಳನ್ನು ನೋಡುಗರು ಎಷ್ಟು ಬೇಗ ಪತ್ತೆಹಚ್ಚುತ್ತಾರೆ ಎಂಬುದರ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮಗೆ ದಾರಿ ತೋರಿತು. ಒಂದೇ ನಡಿಗೆಯ ಇಬ್ಬರನ್ನು ಗುರುತಿಸುವುದಕ್ಕಿಂತ ಒಂದೇ ರೂಪದ ಇಬ್ಬರನ್ನು ಗುರುತಿಸುವುದು ಜನರಿಗೆ ಸುಲಭ. ಅದೇ ಸಂಶೋಧಕರ ಮರುವರ್ಷದ ಕೆಲಸದಲ್ಲಿ, ನೋಡುಗರ ಕಣ್ಣು ಹೆಚ್ಚಾಗಿ ನೆಡುವುದು ತಲೆ ಮತ್ತು ಎದೆಯ ಮೇಲ್ಭಾಗದ ಮೇಲೆ ಎಂಬುದು ಕಂಡುಬಂತು. ಹಾಗಾಗಿ ಕಾಲಿನ ವೈವಿಧ್ಯಕ್ಕೆಂದು ಮೀಸಲಿಟ್ಟಿದ್ದ ಎರಡು ವಾರಗಳನ್ನು ಮುಖದ ಅಸಮತೆಗೆ ಬದಲಿಸಿದೆವು. ಮೆಶ್‌ಗಳನ್ನು ಸಾಮಾನ್ಯವಾಗಿ ಅರ್ಧ ಮಾಡಿ ಕನ್ನಡಿ ಹಿಡಿದಂತೆ ಇನ್ನರ್ಧವನ್ನು ಪಡೆಯುತ್ತಾರೆ. ನಿಜವಾದ ಯಾವ ಮುಖದ ಎಡವೂ ಬಲದಂತಿರುವುದಿಲ್ಲ. ಒಂದು ಹುಬ್ಬನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿದಾಗ ಗೊಂಬೆಯೊಂದು ಯಾರೋ ಒಬ್ಬರಾಗಿ ಬದಲಾದದ್ದನ್ನು ನೋಡಿದ ಸಂಜೆ, ಉಳಿದ ವಾರಗಳ ದಣಿವೆಲ್ಲ ಸಾರ್ಥಕವೆನಿಸಿತು.

ಈಗಿನ ಯೋಜನೆ ಹೀಗಿದೆ. ಎರಡು ಸಾವಿರ ಪಾತ್ರಗಳನ್ನು ಹುಟ್ಟಿಸಿ, ಈಗಾಗಲೇ ಆರಿಸಿದವರಿಂದ ಅತಿ ದೂರದಲ್ಲಿರುವವರನ್ನೇ ಒಬ್ಬೊಬ್ಬರನ್ನಾಗಿ ಆರಿಸುತ್ತ ಹೋಗಿ, ನೂರು ಮಂದಿಯಾದಾಗ ನಿಲ್ಲಿಸುತ್ತೇವೆ. ಈ ವಿಧಾನಕ್ಕೆ ವಿಕಾರಗಳ ಮೇಲೆ ವಿಪರೀತ ಪ್ರೀತಿ, ಏಕೆಂದರೆ ಎಲ್ಲರಿಗಿಂತ ದೂರದಲ್ಲಿರುವವರು ಅವರೇ. ಆದ್ದರಿಂದ ನಂಟು ಹರಿದ ಮುಖಗಳನ್ನು ಆರಿಸುವ ಮೊದಲೇ ತೆಗೆದುಹಾಕುವ ಒಂದು ಜರಡಿ ಬೇಕು. ಆ ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕು ಎಂಬುದು ಸಂಖ್ಯೆಯ ಪ್ರಶ್ನೆಯಂತೆ ಕಂಡರೂ, ಯಾರ ಮುಖ ‘ಸಹಜ’ ಎಂಬ ಪ್ರಶ್ನೆಯೇ ಅದು. ಸೀಳುತುಟಿ ಹೊಲಿದ ಗುರುತಿರುವವರು, ಒಂದು ಕಡೆ ಜೋತ ರೆಪ್ಪೆಯವರು ಜರಡಿಯಲ್ಲಿ ನಿಂತುಹೋಗಬಾರದು ಎಂದು ಯೋಜನೆಯಲ್ಲಿ ಬರೆದಿದ್ದೇವೆ. ಅದನ್ನು ಸೂತ್ರವಾಗಿ ಬರೆಯುವ ಕೆಲಸ ಬಾಕಿ ಇದೆ.

ಆಮೇಲಿನದು ಜನರ ಕಣ್ಣಿನ ಪರೀಕ್ಷೆ. ಬಣ್ಣವನ್ನೆಲ್ಲ ತೆಗೆದು, ಬೂದು ಮಣ್ಣಿನಲ್ಲಿ ಮಾಡಿದಂತಿರುವ ಮೂರು ತಲೆಗಳನ್ನು ತೋರಿಸುತ್ತೇವೆ, ಎರಡು ಒಬ್ಬರದೇ, ಬೇರೆ ಕೋನದಿಂದ, ಮೂರನೆಯದು ಇನ್ನೊಬ್ಬರದು. ಹೊರಗಿನವರು ಯಾರೆಂದು ಹೇಳಬೇಕು. ಬೂದು ಬಣ್ಣಕ್ಕೆ ಇನ್ನೊಂದು ಕಾರಣವೂ ಇದೆ. ಮನುಷ್ಯನನ್ನು ಬಹುಪಾಲು ಹೋಲುವ, ಆದರೆ ಪೂರ್ತಿ ಹೋಲದ ಆಕೃತಿ ನೋಡುಗರಲ್ಲಿ ಕಸಿವಿಸಿ ಹುಟ್ಟಿಸುತ್ತದೆ ಎಂದು ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. ಅರೆಬರೆ ನೈಜತೆಗಿಂತ ಮಣ್ಣಿನ ತಲೆ ಪ್ರಾಮಾಣಿಕ. ಪರೀಕ್ಷೆಗೆ ಯಾರನ್ನು ಕರೆಯುವುದು ಎಂಬುದೂ ಹಗುರದ ವಿಷಯವಲ್ಲ. ತಾವು ನೋಡಿ ಬೆಳೆದ ಬಗೆಯ ಮುಖಗಳನ್ನು ಜನ ಚೆನ್ನಾಗಿ ಗುರುತಿಸುತ್ತಾರೆ, ಉಳಿದವನ್ನು ಅಷ್ಟು ಚೆನ್ನಾಗಿ ಗುರುತಿಸಲಾರರು. ಇದನ್ನು ಮನೋವಿಜ್ಞಾನಿಗಳು 1960ರ ದಶಕದಿಂದ ಅಳೆಯುತ್ತ ಬಂದಿದ್ದಾರೆ. ನಮ್ಮ ಸಹಪಾಠಿಗಳನ್ನಷ್ಟೇ ಕೂರಿಸಿದರೆ, ‘ಇವರೆಲ್ಲ ಒಂದೇ ತರಹ ಇದ್ದಾರೆ’ ಎಂಬ ದೂರು ನಮ್ಮ ಮಾದರಿಯ ದೋಷವೋ ಅವರ ಕಣ್ಣಿನ ರೂಢಿಯೋ ತಿಳಿಯುವುದಿಲ್ಲ.

ಸಹಪಾಠಿಗಳನ್ನೇ ಸ್ಕ್ಯಾನ್ ಮಾಡಿ ನಮ್ಮದೇ ಮಾದರಿ ಕಟ್ಟೋಣವೇ ಎಂಬ ಸಲಹೆಯೂ ಬಂದಿತ್ತು. ಅದರ ಜೊತೆಗೇ ಒಪ್ಪಿಗೆಯ ಪ್ರಶ್ನೆಯೂ ಬಂತು. ಕೃತಕ ಮುಖಗಳ ಸಂಶೋಧನೆಯಲ್ಲಿ ಬಹಳವಾಗಿ ಬಳಕೆಯಾಗುವ 70,000 ಚಿತ್ರಗಳ ಒಂದು ಸಂಗ್ರಹವಿದೆ. ಫೋಟೊ ಹಂಚಿಕೊಳ್ಳುವ ಜಾಲತಾಣವಾದ ಫ್ಲಿಕರ್‌ನಲ್ಲಿ ಮುಕ್ತ ಪರವಾನಗಿಯೊಂದಿಗೆ ಹಾಕಿದ್ದ ಫೋಟೊಗಳಿಂದ ಆರಿಸಿದ್ದು. ಆದರೆ ಪರವಾನಗಿ ಕೊಟ್ಟದ್ದು ಫೋಟೊ ಹಾಕಿದವರು, ಫೋಟೊದಲ್ಲಿ ಇರುವವರಲ್ಲ. ಮುಖ ಕೊಟ್ಟ ಸಹಪಾಠಿ ಎರಡು ವರ್ಷದ ನಂತರ ‘ನನ್ನನ್ನು ತೆಗೆದುಬಿಡಿ’ ಎಂದರೆ, ಸರಾಸರಿಯಲ್ಲಿ ಕರಗಿಹೋದ ಮೂಗನ್ನು ಹೊರತೆಗೆದು ಹಿಂದಿರುಗಿಸುವುದು ಹೇಗೆ? ಉತ್ತರ ಸಿಗದ ಕಾರಣ ಸಲಹೆಯನ್ನು ಬದಿಗಿಟ್ಟು, ತನ್ನಿಂದ ಹೊರತೆಗೆದುಕೊಂಡ ಪಾತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಬಿಟ್ಟುಕೊಡುವ ಮೇಕ್‌ಹ್ಯೂಮನ್ ಮೆಶ್ಶಿನ ಮೇಲೆಯೇ ಕಟ್ಟಲು ನಿರ್ಧರಿಸಿದೆವು. ಎಸ್‌ಎಂಪಿಎಲ್‌ನಂಥ ಸಂಶೋಧನಾ ಮಾದರಿಗಳ ಪರವಾನಗಿ ವಾಣಿಜ್ಯ ಬಳಕೆಗೆ ಒಪ್ಪುವುದಿಲ್ಲವಾದ್ದರಿಂದ ಅವು ಹೋಲಿಕೆಗೆ ಮಾತ್ರ.

ಕಳೆದ ವಾರ ಪರಿಷ್ಕೃತ ಪ್ರಸ್ತಾವನೆಯನ್ನು ಕೊಟ್ಟೆವು. ‘ಹತ್ತು ಸಾವಿರ’ ಇದ್ದ ಜಾಗದಲ್ಲಿ ‘ನೂರು’ ಇದೆ. ತೆರೆದ ತಕ್ಷಣ ಪರದೆಯ ಮೇಲೆ ಮೂಡುವ ಮುಖ ಸರಾಸರಿಯದಾಗಿರಬಾರದು, ಪ್ರತಿ ಸಲವೂ ನೂರರಲ್ಲಿ ಯಾರೋ ಒಬ್ಬರದಾಗಿರಬೇಕು ಎಂದು ಬರೆದಿದ್ದೆವು. ಸೊನ್ನೆಯ ಜಾಗದಲ್ಲಿ ಯಾರನ್ನೂ ಕಾಯಂ ಆಗಿ ನಿಲ್ಲಿಸದಿರಲು ನಮಗೆ ಹೊಳೆದ ಉಪಾಯವದು. ಮಾರ್ಗದರ್ಶಕರು ತಲೆಯಾಡಿಸುತ್ತ ಓದಿ, ಪರದೆಯ ನಕ್ಷೆ ಇದ್ದ ಪುಟಕ್ಕೆ ಬಂದಾಗ ಮತ್ತೆ ಪೆನ್ಸಿಲ್ ಎತ್ತಿಕೊಂಡರು. ಬಲಗಡೆಯ ಮೂಲೆಯಲ್ಲಿ ‘ಮೊದಲಿನಂತೆ ಮಾಡು’ ಎಂಬ ಗುಂಡಿಯೊಂದಿತ್ತು. “ಇದನ್ನು ಒತ್ತಿದರೆ ಯಾರು ಬರುತ್ತಾರೆ?” ಎಂದು ಕೇಳಿದರು. ನಕ್ಷೆಯ ಹೊಸ ಪ್ರತಿಯಲ್ಲಿ ಆ ಗುಂಡಿಯಿದ್ದ ಜಾಗದಲ್ಲಿ ಸದ್ಯಕ್ಕೆ ಒಂದು ಖಾಲಿ ಚೌಕವಿದೆ.